ಕೂಸಿನ ಕೆನ್ನೆಯ ಬೊಟ್ಟು

ಫೋನು ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಕೈ ತುಂಬಾ ಜೋಳದ ಹಿಟ್ಟು. ಕಿರುಬೆರಳಿನಿಂದ ಸ್ಪೀಕರ್ ಒತ್ತಿದೆ. ತೆಲಿಗಿ ಊರಿನ ಆ ಹುಡುಗಿ, ಎಳೆಗೂಸನ್ನು ಮೊನ್ನೆ ಮೊನ್ನೆ ಮಣ್ಣಿಗೆ ಕೊಟ್ಟವಳು.

“ಅಕ್ಕಾ, ನಮ್ಮ ಪಾಪುನ ಫೋಟೋದಾಗ ದೃಷ್ಟಿಬೊಟ್ಟು ಎಲ್ಲಿ ಹೋತು?”

ನನಗೆ ತಕ್ಷಣ ತಿಳಿಯಲಿಲ್ಲ.

“ತೊಟ್ಟಿಲಿಗೆ ಹಾಕೋ ದಿನ ನಾನ ಇಟ್ಟಿದ್ದೆ, ಬಲಗೆನ್ನಿಗೆ. ಈಗ ನಮ್ಮತ್ತಿ ಬಂದೋರಿಗೆಲ್ಲ ಫೋಟೋ ತೋರಿಸಿ, ‘ಬೊಟ್ಟಿಲ್ದ ಮಂದಿ ಮುಂದ ಮಲಗಿಸಿದ್ಲು, ಕಣ್ಣು ಬಿತ್ತು’ ಅಂತಾರ. ನಾ ಇಟ್ಟಿದ್ದೆ ಅಂದ್ರ ಯಾರೂ ನಂಬವಲ್ರು.”

ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

ನಮ್ಮ ಯಜಮಾನರದು ಹರಪನಹಳ್ಳಿಯಲ್ಲಿ ಸಣ್ಣ ಸ್ಟುಡಿಯೋ. ಅವರು ತೆಗೆದ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಹಸನು ಮಾಡುವವಳು ನಾನು, ಪೂಜೆ ಮುಗಿಸಿಕೊಂಡು. ಆ ತೊಟ್ಟಿಲ ಕಾರ್ಯದಲ್ಲಿ, ಕೂಸಿನ ಕಣ್ಣಿಗೆ ಫ್ಲ್ಯಾಶ್ ಬೇಡ ಎಂದು ಆ ಹುಡುಗಿಯ ಅತ್ತೆಯೇ ತಡೆದಿದ್ದರಂತೆ. ನಡುಮನೆಯ ಮಬ್ಬಿನಲ್ಲಿ ತೆಗೆದದ್ದು. ಬೆಳಕು ಸಾಲದೆ ಮುಖದ ತುಂಬಾ ರವೆ ಚೆಲ್ಲಿದ ಹಾಗೆ ಚುಕ್ಕಿ. ಇದನ್ನು ನಾಯ್ಸ್ ಎನ್ನುತ್ತಾರೆ. ಅದನ್ನು ತೆಗೆಯುವ ಸಾಫ್ಟ್‌ವೇರ್ ಕೊಳ್ಳಬೇಕೆಂದು ಯಜಮಾನರು ಎರಡನ್ನು ಪುಕ್ಕಟೆ ನೋಡಲು ಹಾಕಿದ್ದರು. “ನಿನ್ನ ಕಣ್ಣು ಚುರುಕದಾವ, ನೀನ ಆರಿಸು” ಅಂದಿದ್ದರು.

ಒಂದು, ನಮ್ಮ ಹಳೆಯ ಕಂಪ್ಯೂಟರಿನಲ್ಲಿ ಒಂದು ಫೋಟೋಗೆ ಅನ್ನ ಬೇಯುವಷ್ಟು ಹೊತ್ತು ತಿನ್ನುತ್ತಿತ್ತು. ಇನ್ನೊಂದು ಕಣ್ಣು ಮಿಟುಕಿಸುವುದರೊಳಗೆ ಮುಖವನ್ನು ಬೆಣ್ಣೆಯ ಹಾಗೆ ಮಾಡಿಕೊಡುತ್ತಿತ್ತು. ನಾನು ಅದನ್ನೇ ಹಿಡಿದೆ. ಕೂಸು ಜ್ವರದಲ್ಲಿ ಹೋದ ಮೇಲೆ ತಾಯಿ ಒಂದು ಫೋಟೋ ಕೇಳಿದಳು. ಅದರಲ್ಲೇ ಹಸನು ಮಾಡಿ, ಕಟ್ಟು ಹಾಕಿಸಿ ಕಳಿಸಿದೆ. ಚೆಂದ ಬಂದಿದೆ ಎಂದು ಹಿಗ್ಗಿದ್ದೂ ಉಂಟು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಒಲೆ ಆರಿಸಿ ಕಂಪ್ಯೂಟರ್ ಮುಂದೆ ಕುಳಿತು ಮೂಲ ಫೋಟೋವನ್ನು ದೊಡ್ಡದು ಮಾಡಿದೆ. ಕಾಡಿಗೆ ಬೊಟ್ಟು ಇತ್ತು. ಕೂಸಿನ ಕೈ ತಾಗಿ ಅರ್ಧ ಒರೆಸಿಹೋಗಿ, ಚುಕ್ಕಿಗಳೊಳಗೆ ಸೇರಿಹೋಗಿತ್ತು. ಸಾಫ್ಟ್‌ವೇರ್ ಅದನ್ನೂ ಕಸವೆಂದು ಗುಡಿಸಿ ಹಾಕಿತ್ತು. ನಿಧಾನದ್ದರಲ್ಲಿ ಹಾಕಿ ಕಾದೆ. ಬೊಟ್ಟು ಉಳಿಯಿತು, ಮಾಸಲಾಗಿ.

ಹೊಸ ಪ್ರಿಂಟ್ ನೋಡಿ ಯಜಮಾನರು ತಲೆಯಾಡಿಸಿದರು. “ಇದನ್ನ ಒಯ್ದರ, ಈಗ ಕಂಪ್ಯೂಟರ್‌ನ್ಯಾಗ ಬೊಟ್ಟು ಇಟ್ಟು ತಂದೀರಿ ಅಂತಾರ. ಮೊದ್ಲು ಅಳಿಸಿದೋರು ನಾವ ಅಲ್ಲೇನು?”

ಆಷಾಢವಾದ್ದರಿಂದ ಬೇರೆ ಕಾರ್ಯಗಳಿರಲಿಲ್ಲ. ಆ ದಿನದ ಫೋಟೋಗಳಿದ್ದ ಕಾರ್ಡು ಅಳಿಸದೆ ಇನ್ನೂ ಕ್ಯಾಮೆರಾದಲ್ಲೇ ಇತ್ತು. ದೇವರ ದಯೆ ಅಂದುಕೊಂಡೆ. ಪ್ರಿಂಟನ್ನೂ ಕ್ಯಾಮೆರಾವನ್ನೂ ಚೀಲಕ್ಕೆ ಹಾಕಿಕೊಂಡು ತೆಲಿಗಿ ಬಸ್ಸು ಹತ್ತಿದೆ.

ಅತ್ತೆ ಕಟ್ಟೆಯ ಮೇಲೆ ಕೂತಿದ್ದರು. ಸೊಸೆ ಬಾಗಿಲ ಹಿಂದೆ. ನಾನು ಕ್ಯಾಮೆರಾದಲ್ಲಿ ಕೂಸಿನ ಫೋಟೋ ತೆರೆದು ಅತ್ತೆಯ ಮುಂದೆ ಹಿಡಿದೆ.

“ತಪ್ಪು ನಂದು ಅಮ್ಮಾ, ಫೋಟೋ ಹಸನು ಮಾಡೋವಾಗ ಬೊಟ್ಟು ಅಳಿಸಿಹೋತು. ಇದು ಅವತ್ತು ತೆಗದದ್ದು, ಇದಕ್ಕ ನಾವು ಕೈ ಹಚ್ಚಿಲ್ಲ. ನೋಡ್ರಿ, ಬೊಟ್ಟು ಐತಿ.”

ಅವರು ಕ್ಯಾಮೆರಾವನ್ನು ಮುಖದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಹೆಬ್ಬೆರಳಿನಿಂದ ಪರದೆ ಒರೆಸಿ ಮತ್ತೆ ನೋಡಿದರು.

“ಹೂಂ, ಐತಿ,” ಅಂದರು. ನನಗೆ ಉಸಿರು ಬಂತು. ಕ್ಯಾಮೆರಾ ನನ್ನ ಕೈಗೆ ಕೊಡುತ್ತಾ, “ಇಷ್ಟ ಸಣ್ಣದಿಟ್ರ ಯಾವ ಕಣ್ಣು ತಡೀತೈತಿ? ಅಂಗಾಲಿಗೂ ಇಡಬೇಕಿತ್ತು” ಅಂದರು.

ನಾನು ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡು, ಹೊಸ ಪ್ರಿಂಟನ್ನು ಸೊಸೆಯ ಕೈಗಿಟ್ಟೆ.

ಹುಡುಗಿ ಬಸ್ಸಿನ ತನಕ ಬಂದಳು. ಹೊಸ ಫೋಟೋವನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು. “ಇದ್ದಬಿಟ್ಟಿತ್ತಲ್ಲ ಅಕ್ಕಾ. ಅವರು ಅಂದು ಅಂದು, ಇಟ್ಟಿದ್ನೋ ಇಲ್ಲೋ ಅಂತ ನನಗ ಅನುಮಾನ ಬಂದಿತ್ತು,” ಅಂದಳು. ಅಷ್ಟಾದರೂ ಅವಳಿಗೆ ಉಳಿಯಿತು. ದೇವರಿಗೆ ಕೈ ಮುಗಿದೆ, ಅಷ್ಟಕ್ಕೇ.

ಮನೆಗೆ ಬಂದು ಯಜಮಾನರಿಗೆ, “ಆ ನಿಧಾನದ್ದ ತಗೊಳ್ರಿ” ಅಂದೆ.

“ಒಂದು ಮದುವಿದು ಫೋಟೋ ಎಲ್ಲಾ ಹಸನು ಮಾಡಾಕ ವಾರ ಹಿಡೀತೈತಿ.”

“ಹಿಡೀಲಿ.”

ನಾಲ್ಕು ದಿನದಿಂದ ಬಾರದಿದ್ದ ನೀರು ಅವತ್ತು ನಳದಲ್ಲಿ ಬಂದಿತ್ತು. ಸೆರಗು ಸಿಕ್ಕಿಸಿ, ಕೊಡಗಳನ್ನು ಹುಣಸೆಹಣ್ಣು ಹಚ್ಚಿ ಅವಸರವಿಲ್ಲದೆ ತಿಕ್ಕಲು ಕುಳಿತೆ.