ಅಪ್ಪನ ಕಡೆಯಿಂದ ಬಂದದ್ದು

ಕ್ಯಾಟ್ ದ್ವೀಪಕ್ಕೆ ಹೋಗುವ ಅಂಚೆ ಹಡಗು ಹತ್ತಿದಾಗ ವರ್ನೀಟಾಳ ತಲೆಯಲ್ಲಿ ಕೂದಲು ಆಗಷ್ಟೇ ಮತ್ತೆ ಚಿಗುರುತ್ತಿತ್ತು. ರಾಜಧಾನಿ ನಸ್ಸೌನ ಹೋಟೆಲೊಂದರಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುವ ಕೆಲಸ ಅವಳದು. ಎಡಗಡೆಯ ಮೊಲೆ ತೆಗೆಸಿದ ಮೇಲೆ ಆ ಕೈ ಎತ್ತಿದರೆ ಸೆಳೆಯುತ್ತಿತ್ತು. ಕ್ಯಾನ್ಸರಿನ ದೋಷ ವಂಶದಲ್ಲೇ ಇಳಿದು ಬಂದದ್ದೆಂದು ರಕ್ತಪರೀಕ್ಷೆ ಹೇಳಿತ್ತು. ಅಮ್ಮನ ರಕ್ತದಲ್ಲಿ ಅದಿರಲಿಲ್ಲ. ಉಳಿದವನು ಅಪ್ಪ. ಒಡಹುಟ್ಟಿದವರಿಗೆಲ್ಲ ತಿಳಿಸಿಬಿಡು ಎಂದು ನರ್ಸ್ ಸಲೀಸಾಗಿ ಹೇಳಿದ್ದಳು.

ಅಪ್ಪ ಹೆಜ್ರನ್, ದ್ವೀಪದಿಂದ ದ್ವೀಪಕ್ಕೆ ಓಡಾಡುವ ಹಡಗಿನ ಎಂಜಿನ್ ನೋಡಿಕೊಳ್ಳುತ್ತಿದ್ದವನು. ಚರ್ಚಿನಲ್ಲಿ ಮದುವೆಯಾದ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಕ್ಯಾಟ್ ದ್ವೀಪದಲ್ಲಿ. ವರ್ನೀಟಾ ಮತ್ತು ಅವಳ ಅಮ್ಮ ನಸ್ಸೌನಲ್ಲಿ. ಅವನ ಶವಸಂಸ್ಕಾರದ ದಿನ ಈ 'ಹೊರಗಿನ ಮಗಳ'ನ್ನು ಕಟ್ಟಕಡೆಯ ಬೆಂಚಿನಲ್ಲಿ ಕೂರಿಸಿದ್ದರು. ಆಮೇಲೆ ಹನ್ನೊಂದು ವರ್ಷ ಮಾತಿಲ್ಲ. ಫೋನ್ ಮಾಡಿದರೆ ಇಟ್ಟುಬಿಡುತ್ತಿದ್ದರು. ಹೋಗದೆ ಬೇರೆ ದಾರಿಯಿರಲಿಲ್ಲ.

ಹಿರಿಯವಳು ಯೂಲಮೇ ಜಗಲಿಯಲ್ಲಿ ಹಸಿ ತೊಗರಿಕಾಯಿ ಸುಲಿಯುತ್ತಿದ್ದಳು. ಕೂರು ಎನ್ನಲಿಲ್ಲ.

"ಜಮೀನಿನ ವಿಷಯ ಆದ್ರೆ ವಕೀಲರ ಹತ್ರ ಹೋಗು."

"ಜಮೀನು ನೀವೇ ಇಟ್ಕೊಳ್ಳಿ ಅಕ್ಕಾ. ನಂಗೆ ನಿಂತ್ಕೊಳ್ಳೋಕಾಗ್ತಿಲ್ಲ, ಕೂತ್ಕೋತೀನಿ."

ಮೆಟ್ಟಿಲ ಮೇಲೆ ಕುಳಿತು ಎಲ್ಲವನ್ನೂ ಹೇಳಿದಳು. ಅಪ್ಪನ ಮಕ್ಕಳಲ್ಲಿ ಯಾರಿಗೆ ಬೇಕಾದರೂ ಬಂದಿರಬಹುದು, ಸಂಭವ ಅರ್ಧಕ್ಕರ್ಧ; ಮೊದಲೇ ಗೊತ್ತಾದರೆ ವೈದ್ಯರು ಏನಾದರೂ ಮಾಡಬಲ್ಲರು. ಮೊಲೆಯ ಕಾಯಿಲೆ ಗಂಡಸಿನಿಂದ ಹೇಗೆ ಬರುತ್ತದೆ ಎಂದು ಯೂಲಮೇ ಪಟ್ಟು ಹಿಡಿದಳು. ಮೂರನೇ ಸಲ ಬಿಡಿಸಿ ಹೇಳುವಷ್ಟರಲ್ಲಿ ವರ್ನೀಟಾಳ ದನಿಯೇ ಉಡುಗಿಹೋಯಿತು.

ಯೂಲಮೇ ಸುಲಿಯುತ್ತಿದ್ದ ಕಾಯಿಯನ್ನು ಕೆಳಗಿಟ್ಟಳು.

"ಅಪ್ಪನ ತಾಯಿ, ನಮ್ಮಜ್ಜಿ, ಎದೆಗೆ ಎಲೆ ಕಟ್ಕೊಂಡು ಓಡಾಡ್ತಿದ್ಲು. ವಾಸನೆ ಬರ್ತಿತ್ತು. ಏನೂ ಕೇಳ್ಬೇಡ ಅಂದಿದ್ರು ನಂಗೆ," ಎಂದಳು. ಮತ್ತೆ, "ಅಪ್ಪ ನಿಂಗೆ ತನ್ನ ಹೆಸರು ಕೊಡ್ಲಿಲ್ಲ. ಇದನ್ನ ಕೊಟ್ಟ."

ಯೂಲಮೇ ಒಳಗೆ ಹೋಗಿ ಒಂದು ಲೋಟ ನಿಂಬೆ ಪಾನಕ ತಂದು ಪಕ್ಕದಲ್ಲಿಟ್ಟಳು. ಪರೀಕ್ಷೆ ಮಾಡಿಸುತ್ತೇನೆ ಎಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ.

ಮೂರು ತಿಂಗಳಾದ ಮೇಲೆ ವರ್ನೀಟಾ ಕೆಲಸದಲ್ಲಿದ್ದಾಗ ಯೂಲಮೇಯ ಫೋನ್ ಬಂತು. ಅಕ್ಕತಂಗಿಯರಿಬ್ಬರೂ ರಕ್ತ ಕೊಟ್ಟಿದ್ದರಂತೆ. ಯೂಲಮೇಗೆ ದೋಷವಿಲ್ಲ, ಕಿರಿಯವಳು ಡ್ರುಸಿಲ್ಲಾಗೆ ಇದೆ. ಗಡ್ಡೆಯೇನೂ ಇನ್ನೂ ಆಗಿಲ್ಲ. ಅವಳು ಎರಡು ದಿನದಿಂದ ಕೋಣೆಯ ಬಾಗಿಲು ಹಾಕಿಕೊಂಡಿದ್ದಾಳೆ, ನೀನು ಮಾತಾಡಿದರೆ ಕೇಳಿಯಾಳು ಎಂದಳು ಯೂಲಮೇ. ವರ್ನೀಟಾ ಸಂಜೆ ಮಾತಾಡುತ್ತೇನೆಂದಳು. ಯೂಲಮೇ ಫೋನ್ ಇಡಲಿಲ್ಲ.

"ಎಕ್ಸುಮಾ ದ್ವೀಪದಲ್ಲಿ ಅಪ್ಪಂಗೆ ಒಬ್ಬ ಮಗಾನೂ ಇದ್ದಾನೆ. ನಮ್ಮಮ್ಮಂಗೂ ಗೊತ್ತಿರ್ಲಿಲ್ಲ. ಅವನಿಗೆ ಇಬ್ರು ಹೆಣ್ಮಕ್ಳು."

ವರ್ನೀಟಾ ಇಸ್ತ್ರಿಪೆಟ್ಟಿಗೆ ಆರಿಸಿ ಮೇಜಿಗೆ ಒರಗಿ ಕಣ್ಣು ಮುಚ್ಚಿದಳು. ಮತ್ತೆ ಎಲ್ಲವನ್ನೂ ಮೊದಲಿನಿಂದ ಹೇಳಬೇಕು.

"ನಾನೂ ಬರ್ತೀನಿ," ಎಂದಳು ಯೂಲಮೇ. "ಮಾತಾಡೋದು ಮಾತ್ರ ನೀನೇ."

"ಆಯ್ತಕ್ಕಾ. ಮುಂದಿನ ವಾರ ಹೋಗೋಣ. ಈ ವಾರ ಸ್ವಲ್ಪ ಮಲ್ಕೋತೀನಿ."