ಅವಳ ಮಾತಿನ ಪ್ರೋಗ್ರಾಂ

ಉಪ್ಪಳದಲ್ಲಿ ಬಟ್ಟೆ ಅಂಗಡಿಯೊಂದರ ಮಾಳಿಗೆಯಲ್ಲಿ ನಾನು ಕಂಪ್ಯೂಟರ್ ಕಲಿಸುತ್ತಿದ್ದೆ. 2004ರಲ್ಲಿ ಒಂದು ಮಧ್ಯಾಹ್ನ ಅಗಲ್ಪಾಡಿಯ ಒಬ್ಬರು ಮೂರು ಬಸ್ಸು ಬದಲಿಸಿ ನನ್ನನ್ನು ಹುಡುಕಿಕೊಂಡು ಬಂದರು. ಸಂಸ್ಕೃತ ಕಲಿಸುವ ಮಾಷ್ಟ್ರು. ಅವರ ಒಂಬತ್ತು ವರ್ಷದ ಮಗಳಿಗೆ ಹುಟ್ಟಿನಿಂದ ಮಾತಿಲ್ಲ, ನಡಿಗೆಯಿಲ್ಲ. ಬಲಗೈ ಒಂದನ್ನು ತುಸು ಆಡಿಸಿ, ಮುಷ್ಟಿಯನ್ನು ಬೇಕೆಂದಾಗ ಕೆಳಗೆ ಒತ್ತಬಲ್ಲಳು, ಅಷ್ಟೇ.

"ಬುದ್ಧಿ ಎಲ್ಲ ಉಂಟು ಟೀಚರ್. ಹೇಳ್ಲಿಕ್ಕೆ ದಾರಿ ಇಲ್ಲ," ಎಂದರು.

ನನಗೆ ಗೊತ್ತಿದ್ದ ಕಂಪ್ಯೂಟರ್ ಭಾಷೆ ವಿಬಿ ಸಿಕ್ಸ್ ಒಂದೇ. ಅದರಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಪರದೆಯ ಮೇಲೆ ಹನ್ನೆರಡು ಚಿತ್ರ. ಒಂದು ಹಳದಿ ಚೌಕ ಒಂದರಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುತ್ತದೆ. ಬೇಕಾದ ಚಿತ್ರದ ಮೇಲೆ ಚೌಕ ಇರುವಾಗ ಅವಳು ಮುಷ್ಟಿ ಒತ್ತಿದರೆ ಆ ಮಾತು ಕೇಳಿಸುತ್ತದೆ. ಅವರ ಮನೆಗೆ ತಂದ ಕಂಪ್ಯೂಟರಿನ ಮೌಸಿನ ತಂತಿಗೆ, ಅವಳು ಒತ್ತಲೆಂದು, ಕರೆಗಂಟೆಯ ಸ್ವಿಚ್ಚೊಂದನ್ನು ಬೆಸೆದೆ. ಅವಳ ಅಮ್ಮನ ಧ್ವನಿಯನ್ನು ಅವರ ಮನೆಮಾತಿನಲ್ಲೇ ಮುದ್ರಿಸಿದೆ. ಲೋಟದ ಚಿತ್ರಕ್ಕೆ "ಎನಗೆ ಆಸರಾವ್ತು" ಎಂದರು. ಬಾಯಾರಿಕೆಗೆ ಅವರಲ್ಲಿ ಹಾಗೆ ಹೇಳುವುದು.

ಕಲಿಯಲು ಅವಳಿಗೆ ಒಂದು ವರ್ಷ ಹಿಡಿಯಿತು. ಒಂದು ಬೆಳಿಗ್ಗೆ ಅವಳು ಅಳುತ್ತಿದ್ದಾಗ ಅಮ್ಮ ಎಂದಿನಂತೆ ಹಸಿವೆಂದುಕೊಂಡು ಗಂಜಿ ತಂದರಂತೆ. ಅವಳು ಕಾದು ಕಾದು ಬೆನ್ನಿನ ಚಿತ್ರ ಒತ್ತಿದಳು. ತುರಿಸುತ್ತಿತ್ತು. ಇಷ್ಟು ವರ್ಷ ಎಷ್ಟು ಸಲ ಹೀಗೆ ತುರಿಕೆಗೆ ಗಂಜಿ ಉಣಿಸಿದೆನೋ ಎಂದು ಆ ತಾಯಿ ಫೋನಿನಲ್ಲಿ ಅತ್ತರು.

ಹತ್ತು ವರ್ಷ ಕಳೆದ ಮೇಲೆ ಒಂದು ತುಲಾ ತಿಂಗಳ ಗುಡುಗುಮಳೆಯಲ್ಲಿ ಸಿಡಿಲು ಬಡಿದು ಆ ಕಂಪ್ಯೂಟರ್ ಸುಟ್ಟುಹೋಯಿತು. ಮನೆಯವರು ಅದನ್ನು ಗುಜರಿಯವನಿಗೆ ಕೊಟ್ಟು, ಹೊಸ ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟರು. ಹೊಸ ವಿಂಡೋಸಿನಲ್ಲಿ ನನ್ನ ಪ್ರೋಗ್ರಾಂ ತೆರೆದುಕೊಂಡಿತು, ಆದರೆ ಮಾತಾಡಲಿಲ್ಲ. ಧ್ವನಿಗಾಗಿ ನಾನು ಬಳಸಿದ್ದ ಸಿದ್ಧ ಸಾಫ್ಟ್‌ವೇರ್ ತುಣುಕನ್ನು ಮಾಡಿದವರು ಯಾವಾಗಲೋ ಕೈಬಿಟ್ಟಿದ್ದರು.

ಸರಿ, ವಿಬಿಯ ನಂತರ ಬಂದ ಡಾಟ್ ನೆಟ್‌ಗೆ ದಾಟಿಸೋಣ ಎಂದುಕೊಂಡೆ. ನನ್ನ ಹಳೆಯ ಕೋಡ್, ಅಮ್ಮನ ಧ್ವನಿಯ ಸಮೇತ, ಒಂದು ಸಿ.ಡಿ.ಯಲ್ಲಿ ಉಳಿದಿತ್ತು. ತಾನಾಗಿ ಬದಲಾಯಿಸಿಕೊಡುವ ಸಾಧನಕ್ಕೆ ಅದನ್ನು ಕೊಟ್ಟರೆ ಪುಟಗಟ್ಟಲೆ ಎಚ್ಚರಿಕೆಗಳು ಬಂದವು. ಕೊನೆಗೆ ಎಲ್ಲವನ್ನೂ ಕೈಯಾರೆ ಮತ್ತೆ ಬರೆದೆ. ಮೂರು ವಾರ ಬೇಕಾಯಿತು. ಚೌಕ ಈಗ ನಯವಾಗಿ ಜಾರುತ್ತಿತ್ತು, ಅಮ್ಮನ ಧ್ವನಿ ಒತ್ತಿದ ಕ್ಷಣವೇ ಬರುತ್ತಿತ್ತು. ಹಳೆಯದಕ್ಕಿಂತ ಚೆನ್ನಾಗಿದೆ ಎಂಬ ಹೆಮ್ಮೆಯಲ್ಲೇ ಅಗಲ್ಪಾಡಿಗೆ ಹೋದೆ.

ಅವಳು ಪರದೆ ನೋಡಿ ನಕ್ಕಳು. ಮುಷ್ಟಿ ಒತ್ತಿದಳು. ನಿದ್ದೆಯ ಮಾತು ಬಂತು. ಮತ್ತೆ ಒತ್ತಿದಳು. ಮತ್ತೆ ಬೇರೆ ಏನೋ ಬಂತು. ಐದಾರು ಸಲ ಹಾಗಾದ ಮೇಲೆ ಅವಳ ಮುಖ ಗಂಟಿಕ್ಕಿತು. ಅಮ್ಮ ಲೋಟ ತಂದರೆ ಬಾಯಿ ತೆರೆಯಲಿಲ್ಲ.

ನನಗೆ ವಿಷಯ ಹೊಳೆದದ್ದು ವಾಪಸ್ ಬರುವ ಬಸ್ಸಿನಲ್ಲಿ. ಆ ಹಳೆಯ ಯಂತ್ರ ನಿಧಾನದ್ದು. ಅದರಲ್ಲಿ ಚೌಕ ಪ್ರತಿ ಚಿತ್ರದ ಮೇಲೂ ನಾನು ಕೋಡಿನಲ್ಲಿ ಬರೆದ ಹೊತ್ತಿಗಿಂತ ತುಸು ಹೆಚ್ಚು ನಿಲ್ಲುತ್ತಿತ್ತು, ದೊಡ್ಡ ಚಿತ್ರ ಬಂದಾಗ ಇನ್ನಷ್ಟು ತಡೆಯುತ್ತಿತ್ತು. ನನಗೆ ಅದು ದೋಷ. ಅವಳಿಗೆ ಅದೇ ತಾಳ. ಕೈ ತನ್ನ ಮಾತು ಕೇಳಲು ಎಷ್ಟು ಹೊತ್ತು ಬೇಕು ಎಂಬುದನ್ನು ಆ ತಡೆಗಳಿಗೆ ಹೊಂದಿಸಿಕೊಂಡು, ಚೌಕ ಬರುವ ಮೊದಲೇ ಅವಳು ಒತ್ತಲು ಮುಷ್ಟಿ ಎತ್ತುತ್ತಿದ್ದಳು.

ತಡೆಗಳನ್ನು ನೆನಪಿನಿಂದ ಬರೆದು ಸೇರಿಸಿದೆ. ಸರಿಹೋಗಲಿಲ್ಲ. ನಮ್ಮ ಸೆಂಟರಿನ ಹಳೆ ಕಂಪ್ಯೂಟರೊಂದನ್ನು ಜೀಪಿನಲ್ಲಿ ಹೇರಿಕೊಂಡು ಹೋಗಿ ಹಳೆಯ ಪ್ರೋಗ್ರಾಮನ್ನೇ ಹಾಕಿ ನೋಡಿದೆ. ಆ ಯಂತ್ರದ ನಡೆಯೇ ಬೇರೆ. ನಾಲ್ಕು ತಿಂಗಳು ಪ್ರತಿ ಭಾನುವಾರ ಹೋಗಿ ಅರ್ಧ ಸೆಕೆಂಡು, ಕಾಲು ಸೆಕೆಂಡು ಎಂದು ಹಿಂದೆ ಮುಂದೆ ಮಾಡಿದೆ. ಪ್ರತಿ ಸಲ ಅವಳು ಆ ವಾರದ ಲೆಕ್ಕವನ್ನು ಕಲಿಯಲು ನೋಡುತ್ತಿದ್ದಳು. ಮುಂದಿನ ಭಾನುವಾರ ನಾನೇ ಅದನ್ನು ಕೆಡಿಸುತ್ತಿದ್ದೆ. ಒಂದೇ ವೇಗ ಇಟ್ಟು ಬಿಟ್ಟುಬಿಡಬೇಕಿತ್ತು. ಅದು ತಿಳಿಯುವಷ್ಟರಲ್ಲಿ ಅವಳು ಒತ್ತುವುದನ್ನೇ ನಿಲ್ಲಿಸಿದ್ದಳು. ಸ್ವಿಚ್ಚನ್ನು ಹತ್ತಿರ ತಂದರೆ ಕೈಯನ್ನು ಎದೆಗೆ ಎಳೆದುಕೊಳ್ಳುತ್ತಿದ್ದಳು.

ಒಂದು ಭಾನುವಾರ ಅವಳ ಅಮ್ಮ ಗೇಟಿನವರೆಗೆ ನನ್ನ ಜೊತೆ ಬಂದರು. ಸಿಟ್ಟು ಇರಲಿಲ್ಲ.

"ಟೀಚರ್, ಬೇಜಾರು ಮಾಡ್ಬೇಡಿ. ಇನ್ನು ಬರುವುದು ಬೇಡ," ಎಂದರು. "ನಿಮ್ಮ ಸ್ವರ ಕೇಳಿದ ಕೂಡ್ಲೇ ಅವಳು ನಡುಗ್ತಾಳೆ."

ನಾನು ಹೋಗುವುದನ್ನು ಬಿಟ್ಟೆ.

2018ರಲ್ಲಿ ಬದಿಯಡ್ಕದ ಬಸ್ ಸ್ಟ್ಯಾಂಡಿನಲ್ಲಿ ಮಾಷ್ಟ್ರು ಸಿಕ್ಕಿದರು. ಪಿಂಚಣಿಯಾಗಿತ್ತು, ಸೊರಗಿದ್ದರು. ಈಗ ಏನೇನೋ ಹೊಸ ಸಾಧನಗಳು ಬಂದಿವೆ, ಕಣ್ಣಿನ ಚಲನೆಯಿಂದಲೇ ನಡೆಸುವಂಥದ್ದೂ ಇದೆಯಂತೆ ಎಂದು ನಾನು ಶುರುಮಾಡಿದೆ. ಅವರು ಕೇಳಿಸಿಕೊಂಡರು, ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. ತಂದರೂ ಅವಳು ಹತ್ತಿರ ಬಿಟ್ಟುಕೊಳ್ಳಬೇಕಲ್ಲ ಎಂದರು.

ಹಾಗಾದರೆ ಈಗ ಅವಳಿಗೆ ಬೇಕಾದದ್ದು ನಿಮಗೆ ಹೇಗೆ ತಿಳಿಯುತ್ತದೆ ಎಂದು ಕೇಳಿದೆ.

"ಮುಖ ನೋಡಿ ಅಂದಾಜು ಮಾಡ್ತೇವೆ," ಎಂದರು. "ಸರಿಯಾ ತಪ್ಪಾ, ಯಾರಿಗೆ ಗೊತ್ತುಂಟು?"

ಅಷ್ಟರಲ್ಲಿ ಅವರ ಬಸ್ಸು ಬಂತು. ಕಿಟಕಿಯ ಬದಿ ಕುಳಿತ ಅವರು ನನಗೆ ಕೈ ಮುಗಿದರು. ನನಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.