ಜೋಡಿ ಕಿವಿಗಲ್ಲು

ಶಕುನ, ಕನಸು, ಒಳಗಣ್ಣು ಎಂದವರನ್ನೆಲ್ಲ ಗೇಲಿ ಮಾಡುತ್ತ ಬಂದವನು ನಾನು. ಆದ್ದರಿಂದ ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ.

ಅರವತ್ತರ ದಶಕದ ಆರಂಭ. ನಾನು ಮೂಡುಬಿದಿರೆಯಲ್ಲಿ ವಿಜ್ಞಾನದ ಮೇಷ್ಟ್ರು. ಮದ್ರಾಸಿನ ನನ್ನ ಹಳೆಯ ಪ್ರೊಫೆಸರರು ಕೊಲ್ಲಂ ಕಡೆಯ ಪುರಾತನ ಕಡಲಮಣ್ಣನ್ನು ಒಂದು ಡಬ್ಬಿಯಲ್ಲಿ ಕಳಿಸಿದ್ದರು. ಮೀನಿನ ತಲೆಯೊಳಗೆ, ಕಿವಿಯ ಜಾಗದಲ್ಲಿ, ಎಡಬಲಕ್ಕೆ ಜೋಡಿಯಾಗಿ ಸಣ್ಣ ಕಲ್ಲುಗಳಿರುತ್ತವೆ. ಮೀನು ಕೊಳೆತುಹೋದರೂ ಅವು ಲಕ್ಷಾಂತರ ವರ್ಷ ಮಣ್ಣಿನಲ್ಲಿ ಉಳಿಯಬಲ್ಲವು. ಈಗಿನ ಮೀನುಗಳ ಕಲ್ಲಿನೊಂದಿಗೆ ಹೋಲಿಸಿ ಜಾತಿ ಹೇಳಬಹುದು. ಅರ್ಧ ಮಣ್ಣು ತೊಳೆದಾಗ ಹುಣಸೆಬೀಜದಷ್ಟು ದೊಡ್ಡ ಕಲ್ಲೊಂದು ಸಿಕ್ಕಿತು. ನನ್ನ ಸಂಗ್ರಹದ ಯಾವುದಕ್ಕೂ ಅದು ತಾಳೆಯಾಗಲಿಲ್ಲ. ಜಗತ್ತು ಕಾಣದ ಮೀನೆಂದು ಉಬ್ಬಿಹೋಗಿ ಪ್ರೊಫೆಸರರಿಗೆ ಪತ್ರ ಬರೆದೆ. ತಪ್ಪಾದರೆ ಅವರೆದುರು ಮತ್ತೆ ತಲೆಯೆತ್ತುವಂತಿರಲಿಲ್ಲ.

ಅಂಚೆಗೆ ಹಾಕುವ ಮೊದಲು ಅಮ್ಮನೆದುರು ಜಂಬ ಕೊಚ್ಚಲು ಬಂಟ್ವಾಳಕ್ಕೆ ಹೋದೆ. ಅಲ್ಲಿನ ಪೇಟೆಯಲ್ಲಿ ಮೂವತ್ತು ವರ್ಷ ಮೀನು ಮಾರಿದವಳು ಅವಳು. ಆಗ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕಲ್ಲನ್ನು ಬೆರಳುಗಳಲ್ಲಿ ಹೊರಳಿಸಿದಳು. ಅವಳು ಆಡಿದ್ದು ತುಳುವಿನಲ್ಲಿ, ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ.

“ಇದು ತೇಡೆಯದ್ದಲ್ಲವಾ ಮಗಾ? ಹೊಸ ಮೀನು ಎಂತ ಮಣ್ಣಾಂಗಟ್ಟಿ!”

ಮನಸ್ಸಿನಲ್ಲೇ ನನ್ನ ಕಲ್ಲುಗಳನ್ನೆಲ್ಲ ಎಣಿಸಿದೆ. ನನ್ನ ಸಂಗ್ರಹವೆಲ್ಲ ನಮ್ಮ ಮನೆಯ ಸಾರಿನಲ್ಲಿ ಬೆಂದ ತಲೆಗಳದ್ದು. ಮೀಸೆಯ ಮೀನಾದ ತೇಡೆಯ ತಲೆಯನ್ನು ಮಾತ್ರ ಅಮ್ಮ ಪೇಟೆಯಲ್ಲೇ ಸೀಳಿ ಎಸೆಯುತ್ತಿದ್ದಳು. ಆ ಒಂದರ ಕಲ್ಲೇ ನನ್ನಲ್ಲಿರಲಿಲ್ಲ!

ಇಷ್ಟು ಬೆರಳಿನ ಅನುಭವ, ಒಪ್ಪಬಹುದು. ಆದರೆ ಅವಳು ಮುಂದುವರಿಸಿದಳು: “ಇದರ ಜೋಡಿ ನಿನ್ನ ಡಬ್ಬಿಯಲ್ಲೇ ಉಂಟು. ಅದರ ಅಂಚಿನ ಚೂರೊಂದು ಹಾರಿದೆ. ಉಳಿದ ಮಣ್ಣು ತೊಳೆದು ನೋಡು.”

ಡಬ್ಬಿಯ ಮಾತನ್ನು ನಾನು ಎತ್ತಿರಲೇ ಇಲ್ಲ.

ಮರುದಿನ ಮೂಡುಬಿದಿರೆಯಲ್ಲಿ ಉಳಿದ ಮಣ್ಣು ತೊಳೆದೆ. ಜರಡಿಯಲ್ಲಿ ಅದೇ ಅಳತೆಯ, ಎಡಬಲ ಮಾತ್ರ ಬದಲಾದ ಇನ್ನೊಂದು ಕಲ್ಲು ಕೂತಿತ್ತು. ಅಂಚು ಹಾರಿತ್ತು. ಸಂತೆಯಿಂದ ತೇಡೆಯ ತಲೆ ತಂದು ಬೇಯಿಸಿ ನೋಡಿದೆ. ಎರಡೂ ತಾಳೆಯಾದವು.

ಪತ್ರ ಹರಿದು ಹೊಸದು ಬರೆದೆ. ಗುರುತಿಸಿದವರು ಎಂಬಲ್ಲಿ ಅಮ್ಮನ ಹೆಸರು ಹಾಕಿದೆ. ಆಕೆಯ ವಿದ್ಯಾರ್ಹತೆ ಏನೆಂದು ಪ್ರೊಫೆಸರರು ಕೇಳಿದರು. ‘ಬಂಟ್ವಾಳ ಪೇಟೆಯಲ್ಲಿ ಮೂವತ್ತು ವರ್ಷ ಮೀನು ಮಾರಾಟ’ ಎಂದು ಉತ್ತರಿಸಿದೆ. ಆ ಸಾಲು ಬರೆಯುವಾಗ ಆದ ಹೆಮ್ಮೆ ನನ್ನ ಡಿಗ್ರಿ ಕೈಗೆ ಬಂದಾಗಲೂ ಆಗಿರಲಿಲ್ಲ.

ಜೋಡಿಯ ಸಂಗತಿ ಹೇಗೆ ತಿಳಿಯಿತೆಂದು ಅವಳನ್ನು ಎಷ್ಟೋ ಸಲ ಪೀಡಿಸಿದ್ದೇನೆ. “ಮುಟ್ಟಿದಾಗ ಗೊತ್ತಾಯಿತು ಮಾರಾಯ” ಎನ್ನುತ್ತಿದ್ದಳು, ಅಷ್ಟೆ. ಅಮ್ಮ ಹೋಗಿ ಬಹಳ ವರ್ಷಗಳಾದವು. ಆ ಎರಡು ಕಲ್ಲುಗಳನ್ನು ನಾನು ಈಗಲೂ ಕಣ್ಣು ಮುಚ್ಚಿ ಮುಟ್ಟಿ ನೋಡುತ್ತೇನೆ. ನನಗೇನೂ ಗೊತ್ತಾಗುವುದಿಲ್ಲ.